ನಡುವೆ ತೂತಿದ್ದ ಬೇರು

ಅವರನ್ನು ಮೊದಲ ಸಲ ಕಂಡಾಗ ಅವರಿಗೆ ಕಾಮಾಲೆ ಆಗಿದೆ ಎಂದು ನಾನು ದವಾಖಾನೆಯ ತುಂಬ ಕೇಳುವಂತೆ ಸಾರಿಬಿಟ್ಟೆ. ಸವಣೂರಿನ ಸರಕಾರಿ ದವಾಖಾನೆಗೆ ಕಂಪೌಂಡರ್ ಆಗಿ ಬಂದು ಇನ್ನೂ ವಾರ ಕಳೆದಿರಲಿಲ್ಲ. ಬಿಳಿ ಕೋಟಿನ ಗಂಜಿ ಇಳಿದಿರಲಿಲ್ಲ, ನನ್ನ ತಲೆಯೊಳಗಿನ ಗಂಜಿ ಅದಕ್ಕಿಂತ ಗಟ್ಟಿಯಾಗಿತ್ತು. ಕೆಮ್ಮಿನ ಔಷಧಕ್ಕೆಂದು ಬಾಟಲಿ ಹಿಡಿದು ನಿಂತಿದ್ದ ಆ ಹೆಂಗಸಿನ ಅಂಗೈಗಳೆರಡೂ ಅರಿಸಿನ ಹಚ್ಚಿದಷ್ಟು ಹಳದಿಯಾಗಿದ್ದವು.

"ಅವ್ವಾರ, ನಿಮಗ ಕಾಮಣಿ ಆಗೇತಿ. ಡಾಕ್ಟರ್ ಸಾಹೇಬ್ರು ಬರೂತನಕ ಆ ಮೂಲ್ಯಾಗ ಕುಂತ್ಕೋರಿ. ಯಾರನ್ನೂ ಮುಟ್ಟಬ್ಯಾಡ್ರಿ" ಎಂದೆ. ಸಾಲಿನಲ್ಲಿದ್ದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಅವರು ಮಾತ್ರ ಸರಿಯಲಿಲ್ಲ. ಬಾಟಲಿಯನ್ನು ಮೇಜಿನ ಮೇಲಿಟ್ಟು, ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಜಗ್ಗಿ ನನ್ನ ಮುಖದ ಹತ್ತಿರ ತಂದರು.

"ಕಣ್ಣ ನೋಡ್ರಿ ಕಂಪೌಂಡರ್ರ. ಕಾಮಣಿ ಮೊದ್ಲ ಕಣ್ಣಾಗ ಬರತೈತಿ, ಕೈಯಾಗಲ್ಲ. ಇದು ರೇವಾಚಿನ್ನಿ ಬೇರಿನ ಬಣ್ಣ. ಮೂವತ್ತು ವರ್ಷದಿಂದ ಹತ್ತೇತಿ, ಇನ್ನ ಬಿಡೂದಿಲ್ಲ."

ಕಣ್ಣು ಬೆಳ್ಳಗಿತ್ತು. ಸಾಲಿನಲ್ಲಿದ್ದವರು ನಕ್ಕರು. ಆ ನಗು ನನಗೆ ಬೇಕಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಮಾತ್ರ ಕಿವಿ ಬಿಸಿಯಾಗಿ ನೀರು ಬೆರೆಸುವ ಬದಲು ಅವರ ಬಾಟಲಿಗೆ ಎರಡು ಪಟ್ಟು ಔಷಧ ಸುರಿದೆ.

ಮೊನ್ನೆ ಹಿರೇಕೆರೂರಿನ ಸಂತೆಗೆ ವೀಳ್ಯದೆಲೆಯ ಪೆಂಡಿ ತಂದಿದ್ದ ಸವಣೂರಿನವನೊಬ್ಬ ಅವರು ತೀರಿಕೊಂಡ ಸುದ್ದಿ ಹೇಳಿದ. ನಾನೀಗ ಇಲ್ಲಿಯ ದವಾಖಾನೆಯಲ್ಲಿದ್ದೇನೆ. ಸುದ್ದಿ ಕೇಳಿದ ಮೇಲೆ ಎರಡು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕಲಬತ್ತದವ್ವ ಎನ್ನುತ್ತಿದ್ದರು. ಔಷಧ ಕುಟ್ಟುವ ಕಬ್ಬಿಣದ ಕಲಬತ್ತವೇ ಅವರ ಗುರುತು. ನಾಟಿ ಔಷಧ ಕೊಡುವ ಪಂಡಿತರೊಬ್ಬರ ಮನೆಯ ಹಿತ್ತಲಿನ ಚಪ್ಪರದಲ್ಲಿ ಕೂತು ಬೇರು, ತೊಗಟೆ, ಕಾಯಿ ಕುಟ್ಟಿ, ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ಡಬ್ಬಿಗೆ ತುಂಬುವುದು ಅವರ ಕೆಲಸ. ಅವರ ಯಜಮಾನರದು ಊರಾಚೆ ಒಂದು ಸಣ್ಣ ಎಲೆತೋಟ. ನನಗೆ ಬಾಡಿಗೆಗೆ ಸಿಕ್ಕ ಖೋಲಿ ಪಂಡಿತರ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಹೀಗಾಗಿ ದಿನಾ ಬೆಳಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಅವರ ಕಲಬತ್ತ.

ಮೊದಮೊದಲು ಅದು ನನಗೆ ಬರೀ ಸದ್ದು. ತಿಂಗಳು ಕಳೆಯುವುದರೊಳಗೆ ಅದರಲ್ಲಿ ನೂರು ಬಗೆ ಇದೆಯೆಂದು ಕಿವಿಗೆ ಹತ್ತತೊಡಗಿತು. ಶುಂಠಿಗೆ ಒಂದು ಸದ್ದು, ಜ್ಯೇಷ್ಠಮಧುವಿಗೆ ಒಂದು. ಅಳಲೆಕಾಯಿಯದು ಮೊದಲು ಸಿಡುಕು, ಆಮೇಲೆ ಮೆತ್ತಗೆ. ಕುಟ್ಟುವಾಗ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಪಂಡಿತರೇ ಬಂದು ಕರೆದರೂ ಎಡಗೈ ಎತ್ತಿ ನಿಲ್ಲಿಸುವರು. "ಅದು ಹೇಳಾಕತ್ತೈತಿ, ಕೇಳೂತನಕ ತಡೀರಿ" ಎನ್ನುವರು. ಇದು ನಾಟಕ ಎಂದು ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಒಂದು ದಿನ ಆ ನಗು ನಿಂತಿತು.

ಹುಬ್ಬಳ್ಳಿ ಪೇಟೆಯಿಂದ ರೇವಾಚಿನ್ನಿಯ ಹೊಸ ಚೀಲ ಬಂದಿತ್ತು. ಹೊಟ್ಟೆ ಕಟ್ಟಿದವರಿಗೆ, ಅಜೀರ್ಣಕ್ಕೆ, ಮಕ್ಕಳ ಹೊಟ್ಟೆಗೆ ಪಂಡಿತರು ಕೊಡುತ್ತಿದ್ದ ಬೇರು ಅದು. ಎಲ್ಲೋ ಉತ್ತರದ ಹಿಮದ ಗುಡ್ಡಗಳಲ್ಲಿ ಬೆಳೆದು, ಒಣಗಿ, ಕೈಯಿಂದ ಕೈಗೆ ದಾಟಿ ಬರುತ್ತದೆ. ಅವರು ಒಂದು ತುಂಡು ಹಾಕಿ ಮೂರೇ ಪೆಟ್ಟು ಕುಟ್ಟಿ ಕೈ ಬಿಟ್ಟರು. "ಇದು ಅದಲ್ರಿ" ಎಂದರು. ಪಂಡಿತರು ತುಂಡು ಮುರಿದು ನೋಡಿದರು, ಮೂಸಿದರು, ನಾಲಿಗೆಗೆ ಹಚ್ಚಿದರು. ಬಣ್ಣ ಸರಿ, ವಾಸನೆ ಸರಿ. ಅವರು ಮಾತ್ರ ಮುಂದೆ ಕುಟ್ಟಲೊಲ್ಲರು. "ಅದಕ್ಕ ಹಲ್ಲಿನಾಗ ಮರಳು ಸಿಕ್ಕಂಗ ಒಂದು ದನಿ ಇರತೈತಿ. ಇದು ಮೂಕ ಐತಿ." ಕಡೆಗೆ ಪಂಡಿತರು ಚೀಲ ಸುರಿದು ತಳದ ತುಂಡುಗಳನ್ನು ಒಡೆಸಿದಾಗ, ಹಳದಿ ಬಣ್ಣದಲ್ಲಿ ಅದ್ದಿ ಒಣಗಿಸಿದ ಬೇರೆ ಯಾವುದೋ ಬೇರು ಅರ್ಧಕ್ಕರ್ಧ ಹೊರಬಿತ್ತು.

ನಾನು ಸೋಲನ್ನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ನಮ್ಮ ದವಾಖಾನೆಯಲ್ಲೂ ಅದೇ ಬೇರಿನ ಪುಡಿ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಮರುದಿನ ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿ ಒಯ್ದು ಅವರ ಮುಂದೆ ಹಿಡಿದೆ. ಏನೆಂದು ಹೇಳಲಿಲ್ಲ. ಅವರು ಮುಂದಿನ ಹಲ್ಲಿನಲ್ಲಿ ಕಡಿದು, ಕಣ್ಣು ಮುಚ್ಚಿ, "ರೇವಾಚಿನ್ನಿ. ಖರೇದ ಐತಿ. ಆದ್ರ ಕುಟ್ಟಿದವ್ರಿಗೆ ಭಾಳ ಅವಸರ ಇತ್ತು" ಎಂದರು.

"ಅದು ಮಿಶನ್ನಿನಾಗ ಬೀಸಿದ್ದು ಅವ್ವಾರ."

"ಹಂಗಾರ ಮಿಶನ್ನಿಗೆ ಅವಸರ ಇತ್ತು."

ಆವತ್ತಿನಿಂದ ನಾನು ಸಂಜೆ ಅವರ ಚಪ್ಪರದ ಕೆಳಗೆ ಹೋಗಿ ಕೂರುವುದು ರೂಢಿಯಾಯಿತು. ಅವರೆದುರು ಕೂತಾಗ ನನಗೆ ಒಂದು ಬಗೆಯ ಹೆದರಿಕೆ ಕಲೆತ ಸಂತೋಷ ಆಗುತ್ತಿತ್ತು. ಅಕ್ಷರ ಬಾರದ ಒಂದು ಜೀವ ಇಷ್ಟನ್ನು ಎಲ್ಲಿ ತುಂಬಿಟ್ಟುಕೊಂಡಿದೆ ಎಂದು ನೋಡುತ್ತ ಕೂಡುತ್ತಿದ್ದೆ. ಅಂಥ ಒಂದು ಸಂಜೆ ಅವರು ರೇವಾಚಿನ್ನಿಯ ನಾಲ್ಕಾರು ತುಂಡುಗಳನ್ನು ಅಂಗೈಯಲ್ಲಿ ಹರವಿ ತೋರಿಸಿದರು. ಪ್ರತಿ ತುಂಡಿನ ನಡುವೆಯೂ ಒಂದು ತೂತು.

"ಇದು ಯಾಕ ಅಂತ ಹೇಳ್ರಿ, ಓದಿದಾವ್ರು."

"ಹುಳಾ ಕೊರದಾವ. ಅಂಥಾವ ಒಗೀಬೇಕು" ಎಂದೆ, ಒಂದು ಗಳಿಗೆಯೂ ಯೋಚಿಸದೆ.

"ಹುಳಾ ಇಷ್ಟು ನೆಟ್ಟಗ ಕೊರೀತಾವೇನ್ರಿ? ಅದೂ ಪ್ರತಿ ತುಂಡಿಗೂ ನಟ್ಟನಡುವ?" ಎಂದು ತೂತಿನಲ್ಲಿ ಒಂದು ಕಡ್ಡಿ ತೂರಿಸಿ ಆಚೆ ಈಚೆ ಆಡಿಸಿದರು. ನನ್ನ ಉತ್ತರದಿಂದ ಅವರಿಗೆ ಸಮಾಧಾನ ಆಗಿರಲಿಲ್ಲ. ನನಗೆ ಮಾತ್ರ ಪೂರ್ತಿ ಆಗಿತ್ತು.

ಆಮೇಲೆ ಅವರು ಹೇಳಿದ ಮಾತು ನನಗೆ ಇವತ್ತಿಗೂ ಅವರ ದನಿಯಲ್ಲೇ ಕೇಳಿಸುತ್ತದೆ. "ಮೂವತ್ತು ವರ್ಷ ನಾ ಬರೀ ಹೆಣಾ ಕುಟ್ಟೇನ್ರಿ. ಒಣಗಿದ್ದು, ಸತ್ತದ್ದು. ಶುಂಠಿ ಗಿಡಾ ನೋಡೇನಿ, ಅಳಲೇ ಗಿಡಾ ನೋಡೇನಿ. ಇದನ್ನೊಂದು ನೋಡಿಲ್ಲ. ಇದಕ್ಕ ಎಲಿ ಹೆಂಗ ಇರತೈತಿ, ಯಾವ ಬಣ್ಣ, ಎಷ್ಟು ಎತ್ತರ, ಯಾರಿಗೂ ಗೊತ್ತಿಲ್ಲ. ಪಂಡಿತರಿಗೂ ಗೊತ್ತಿಲ್ಲ. ಸಾಯೂದ್ರೊಳಗ ಒಂದ್ಸಲ ಇದನ್ನ ಜೀವಂತ ನೋಡಬೇಕು."

ಆಸೆ ಅಂದರೆ ಅವರಿಗೆ ಅದೊಂದೇ. ಒಡವೆ ಕೇಳಿದವರಲ್ಲ, ಯಾತ್ರೆಗೆ ಹೋಗಬೇಕೆಂದವರಲ್ಲ. ಹಾನಗಲ್ಲ ಕಡೆಯ ಒಂದು ಮಠದ ಅಯ್ಯನವರು ಕೇದಾರಕ್ಕೆ ಹೊರಟಾಗ ಊರವರೆಲ್ಲ ತೀರ್ಥ ತನ್ನಿ, ವಿಭೂತಿ ತನ್ನಿ ಎಂದು ಕೇಳಿಕೊಂಡರಂತೆ. ಇವರು ತುಂಡು ಬೇರನ್ನು ಅಯ್ಯನವರ ಜೋಳಿಗೆಗೆ ಹಾಕಿ, "ಇದು ಯಾವ ಗಿಡದ್ದಂತ ಅಲ್ಲಿ ಕೇಳ್ರಿ. ಅದರ ಬೀಜ ತಂದುಕೊಡ್ರಿ, ಬ್ಯಾರೇನೂ ಬ್ಯಾಡ" ಎಂದರು. ಅಯ್ಯನವರು ಮಾತು ಉಳಿಸಿಕೊಂಡರು. ಮಳೆಗಾಲ ಕಳೆದ ಮೇಲೆ ಹಾನಗಲ್ಲಿನಿಂದ ಬರುವ ಬಸ್ಸಿನಲ್ಲಿ ಒಂದು ಸಣ್ಣ ಗಂಟು ಬಂತು. ಒಳಗೆ ಕಂದು ಬಣ್ಣದ, ಮೂರು ಮೂಲೆಗೆ ಮೂರು ರೆಕ್ಕೆ ಹಚ್ಚಿಕೊಂಡ, ಒಂದು ಹಿಡಿಯಷ್ಟು ಬೀಜ. ಅವರು ಅದನ್ನು ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಅವರು ಬೀಜಗಳನ್ನು ಮುಟ್ಟಲಿಲ್ಲ. ಸೆರಗಿನಿಂದ ಅಂಗೈ ಒರೆಸಿ ಒರೆಸಿ, ಹಳದಿ ಹೋಗುವುದಿಲ್ಲವೆಂದು ಗೊತ್ತಿದ್ದರೂ ಮತ್ತೆ ಒರೆಸಿ, ಕಡೆಗೆ ಒಂದೇ ಒಂದನ್ನು ಎತ್ತಿಕೊಂಡರು.

ನಾನು ನಕ್ಕೆ. "ಅವ್ವಾರ, ಅದು ಹಿಮದಾಗ ಬೆಳ್ಯೂ ಗಿಡ. ಸವಣೂರಾಗ ಹೆಂಗ ಬಂದೀತು?"

"ಬರೂದಿಲ್ಲಂತ ಅದು ಹೇಳ್ಲಿ. ನೀವ್ಯಾಕ ಹೇಳ್ತೀರಿ?"

ಎಲೆತೋಟವೆಂದರೆ ನೋಡಿದವರಿಗೆ ಗೊತ್ತು. ಹೊರಗೆ ಬಿಸಿಲು ಕಾದು ನೆಲ ಬಿರಿಯುತ್ತಿದ್ದರೂ ಒಳಗೆ ಕಾಲಿಟ್ಟರೆ ಬೇರೆ ಋತು. ಚೊಗಚೆ, ನುಗ್ಗೆ ಮರಗಳ ಸಾಲು, ಅವಕ್ಕೆ ಹಬ್ಬಿದ ಬಳ್ಳಿ, ಕಾಲ್ದಾರಿಯ ಪಕ್ಕದಲ್ಲೇ ತೆಳ್ಳಗೆ ಹರಿಯುವ ನೀರು. ಚಪ್ಪಲಿ ಬೇಲಿಯ ಹೊರಗೇ ಬಿಡಬೇಕು. ಒಳಗೆ ಗಟ್ಟಿಯಾಗಿ ಮಾತಾಡಿದರೂ ಅವರ ಯಜಮಾನರು ಮುಖ ಗಂಟಿಕ್ಕುತ್ತಿದ್ದರು. ಅವರು ಮಾತು ಕಡಿಮೆಯ ಮನುಷ್ಯ, ಇಡೀ ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಬಳ್ಳಿಗೆ. ತೋಟದ ಬಡಗಣ ಮೂಲೆಯಲ್ಲಿ, ನೀರು ಜಿನುಗಿ ಯಾವಾಗಲೂ ಹಸಿಯಾಗಿರುವ ಒಂದು ತುಂಡು ಜಾಗವನ್ನು ಹೆಂಡತಿಗೆ ಬಿಟ್ಟುಕೊಟ್ಟರು.

"ಇದರ ಎಲಿ ತಿನ್ನಾಕ ಬರತೈತೇನ?" ಎಂದು ಕೇಳಿದರು.

"ಗೊತ್ತಿಲ್ಲ."

"ಮತ್ತ ಬೇರು ಅಗದು ಕುಟ್ಟತೀಯೇನ?"

"ಇಲ್ಲ."

"ಮತ್ತ್ಯಾಕ?"

"ನೋಡಾಕ."

ಅವರು "ಆತು, ನೋಡಾಕಾದ್ರೂ ಏನರ ಒಂದು ಇರಲಿ" ಎಂದು ಬಳ್ಳಿ ಕಟ್ಟಲು ಹೋದರು.

ಮೊದಲು ಊರಿದ ಅರ್ಧ ಬೀಜ ಜಿನುಗು ನೀರಿಗೆ ಕೊಳೆತು ಹೋಯಿತು. ಅವರು ಅಳುತ್ತ ಕೂರಲಿಲ್ಲ, ಚಪ್ಪರಕ್ಕೆ ಬಂದು ಹಳೆಯ ಚೀಲದ ತಳದಿಂದ ಪಸೆ ಹತ್ತಿ ಥಂಡಿ ಹಿಡಿದ ತುಂಡುಗಳನ್ನೆಲ್ಲ ಆರಿಸಿ ಒಡೆದು ನೋಡತೊಡಗಿದರು. ಎರಡು ದಿನ ಅದೇ ಕೆಲಸ. ಆಮೇಲೆ ನನ್ನನ್ನು ಕರೆದು ತೋರಿಸಿದರು. ಬೇರಿನ ಕೆಳಗಿನ ಭಾಗಕ್ಕೆ ಥಂಡಿ ಹತ್ತಿದ್ದರೆ ಏನೂ ಆಗಿರಲಿಲ್ಲ, ಮೇಲಿನ ಭಾಗಕ್ಕೆ, ಎಲೆ ಹೊರಟಿರಬಹುದಾದ ಕಡೆಗೆ ಹತ್ತಿದ್ದರೆ ಕರ್ರಗಾಗಿತ್ತು. "ತಿಳೀತೇನ್ರಿ? ಇದಕ್ಕ ಕಾಲಿಗೆ ತಂಪು ಬೇಕು. ಕೊರಳಿಗೆ ನೀರು ಬ್ಯಾಡ" ಎಂದರು. ಸತ್ತ ಬೇರನ್ನು ಕೇಳಿ ಬದುಕಿರುವ ಗಿಡದ ಮಾತು ತಿಳಿದುಕೊಂಡರು! ನಾನು ಓದಿದ್ದ ಯಾವ ಪುಸ್ತಕದಲ್ಲೂ ಹೀಗೆ ಕಲಿಯುವ ದಾರಿ ಬರೆದಿರಲಿಲ್ಲ.

ಆ ಹಸಿ ಜಾಗದ ನಡುವೆ ಹೆಂಚಿನ ಚೂರು, ಹರಳು, ಮರಳು ಒಟ್ಟಿ ಮೊಣಕಾಲೆತ್ತರದ ದಿಬ್ಬ ಮಾಡಿದರು. ದೀಪಾವಳಿ ಮುಗಿದು ಬೆಳಗಿನ ಚಳಿ ಬಿದ್ದ ಮೇಲೆ ಉಳಿದ ಬೀಜ ಊರಿದರು. ಮೂರು ಮೊಳಕೆ ಬಂದವು. ಎರಡನ್ನು ಏನೋ ತಿಂದಿತು. ಒಂದು ಉಳಿಯಿತು.

ಆ ಒಂದರ ಕಥೆಯನ್ನು ನಾನು ಎಷ್ಟು ಹೇಳಿದರೂ ಕಡಿಮೆಯೇ. ಮೊದಲ ಚಳಿಗಾಲ ಅದು ಊಟದ ಎಲೆಯಷ್ಟಾಯಿತು. ಬಿಸಿಲು ಏರಿದ ಕೂಡಲೇ ಎಲೆ ಹಳದಿಯಾಗಿ ಮಲಗಿಬಿಟ್ಟಿತು. ನಾನು ಸತ್ತಿತು ಎಂದೆ. ಅವರು ದಿಬ್ಬದ ಮೇಲೆ ಬೆರಳು ಊರಿ, "ನಿದ್ದಿ ಮಾಡಾಕತ್ತೈತಿ" ಎಂದರು. ಮಳೆಗಾಲದ ತುಂಬ ಒಡಕು ಗಡಿಗೆಯೊಂದನ್ನು ಅದರ ತಲೆಯ ಮೇಲೆ ಕೊಡೆಯಂತೆ ಕವುಚಿಟ್ಟರು. ಎರಡನೆಯ ಕಾರ್ತಿಕದಲ್ಲಿ ಗಡಿಗೆ ಎತ್ತಿದರೆ, ಕೆಳಗೆ ಕೆಂಪು ಮುಷ್ಟಿಯಂಥ ಒಂದು ಮೊಗ್ಗು. ಮಡಿಸಿಟ್ಟ ಹೊಸ ಸೀರೆಯ ಹಾಗೆ ಅದರೊಳಗಿನಿಂದ ಎಲೆ ಬಿಚ್ಚಿಕೊಳ್ಳುತ್ತ ಬಂತು. ಕೆಂಪು ದಂಟು, ಒಳಮೈ ಎಳೆಗೆಂಪು, ಮೇಲ್ಮೈ ಕಡುಹಸುರು, ಕಾಲುವೆಯಂಥ ನರಗಳು. ಶಿವರಾತ್ರಿಯ ಹೊತ್ತಿಗೆ ಒಂದೊಂದು ಎಲೆ ಮೊರದಷ್ಟಿತ್ತು. ಎಲೆಯ ಹಿಂದಿನಿಂದ ಬೆಳಗಿನ ಬಿಸಿಲು ಬಿದ್ದರೆ ಇಡೀ ಮೂಲೆ ಕೆಂಪಾಗುತ್ತಿತ್ತು. ಒಂದೊಂದು ಎಲೆಯನ್ನೂ ಕಿತ್ತು, ಜೋಡಿಸಿ, ಪೆಂಡಿ ಕಟ್ಟಿ ಸಂತೆಗೆ ಕಳಿಸುವ ಆ ತೋಟದಲ್ಲಿ, ಯಾರೂ ಕೀಳದ ಎಲೆ ಅದೊಂದೇ.

ಅವರು ಮೊದಲ ಸಲ ಅದನ್ನು ಅಷ್ಟು ದೊಡ್ಡದಾಗಿ ಕಂಡ ಬೆಳಗ್ಗೆ ನಾನೂ ಜೊತೆಗಿದ್ದೆ. ದಿಬ್ಬದ ಮುಂದೆ ಕೂತರು. ಆಮೇಲೆ ಕೈ ಎತ್ತಿ ತಮ್ಮ ಅಂಗೈಯನ್ನು ಒಂದು ಎಲೆಯ ಕೆಳಗೆ ಹಿಡಿದರು, ಮುಟ್ಟಲಿಲ್ಲ. "ಇಷ್ಟು ಚಂದ ಇದ್ದೇನವ್ವಾ ನೀ? ನಾ ನಿನ್ನ ಏನೇನ ಅಂದ್ಕೊಂಡು ಕುಟ್ಟಿದ್ದೆ" ಎಂದರು. ಗಿಡಕ್ಕೆ ಅಂದ ಮಾತು ಅದು. ಊರಿನಿಂದ ಜನ ನೋಡಲು ಬಂದರು. ಪಂಡಿತರು ಚಪ್ಪಲಿ ಬಿಟ್ಟು ಒಳಬಂದು, ಗಿಡ ನೋಡಿ, ಅದಕ್ಕೆ ಕೈ ಮುಗಿಯಬೇಕೋ ಇವರಿಗೆ ಮುಗಿಯಬೇಕೋ ತಿಳಿಯದೆ ನಡುವೆ ಎಲ್ಲೋ ಮುಗಿದು ಹೋದರು. ಇನ್ನು ಒಂದು ವರ್ಷ ಹೋದರೆ ಹೂ ಬರುತ್ತದೆ, ಹೂವು ಬಂದರೆ ಬೀಜ, ಬೀಜ ಬಂದರೆ ಇದು ನಮ್ಮೂರ ಗಿಡ ಎಂದು ಅವರ ಲೆಕ್ಕ. ಊರಿದ ಮೇಲೆ ಗಂಟಿನಲ್ಲಿ ಒಂದು ಬೀಜವೂ ಉಳಿದಿರಲಿಲ್ಲ. ಅಯ್ಯನವರಿಗೆ ವಯಸ್ಸಾಗಿತ್ತು. ಇದ್ದದ್ದು ಇದೊಂದೇ.

ಇನ್ನು ಬರೆಯುವುದು ನನಗೆ ಕಷ್ಟ. ಆದರೂ ಬರೆಯುತ್ತೇನೆ.

ಆ ಬೇಸಿಗೆಯಲ್ಲಿ ಗಿಡ ಮತ್ತೆ ಮಲಗಿತು. ತಡಸದಲ್ಲಿದ್ದ ಅವರ ತಂಗಿ ಬಿದ್ದು ಕಾಲು ಮುರಿದುಕೊಂಡಳೆಂದು ಕರೆ ಬಂತು. ಶಿಗ್ಗಾವಿಯ ಬಸ್ಸು ಹತ್ತುವ ಮುಂಚೆ ನನ್ನನ್ನು ಬಡಗಣ ಮೂಲೆಗೆ ಕರೆದುಕೊಂಡು ಹೋದರು. "ನಮ್ಮನಿಯಾವ್ರಿಗೆ ಬಳ್ಳಿ ಬಿಟ್ರ ಲಕ್ಷ್ಯ ಇಲ್ಲ. ನೀವು ದಿನಾ ಒಂದ್ಸಲ ಬಂದು ನೋಡಿ ಹೋಗ್ರಿ. ಮಳಿ ಹತ್ತಿದ್ರ ಗಡಿಗಿ ಕವಚ್ರಿ. ಏನೂ ಮಾಡಬ್ಯಾಡ್ರಿ. ನೋಡ್ರಿ ಸಾಕು."

ನಾನು ದಿನಾ ಹೋದೆ. ನೋಡಿದೆ. ಅವರು ಹೋಗಿ ಮೂರು ವಾರಕ್ಕೆ ತೋಟದಲ್ಲಿ ಬಳ್ಳಿ ಇಳಿಸುವ ಕೆಲಸ ಶುರುವಾಯಿತು. ವರ್ಷಕ್ಕೊಮ್ಮೆ, ಎತ್ತರಕ್ಕೆ ಹಬ್ಬಿದ ಬಳ್ಳಿಯನ್ನು ಮರದಿಂದ ಬಿಡಿಸಿ, ಕೆಳಗಿಳಿಸಿ, ಸುರುಳಿ ಸುತ್ತಿ ಬುಡದಲ್ಲಿ ಮಲಗಿಸಿ, ಕೊರಳಮಟ್ಟಕ್ಕೆ ಕೆರೆಯ ಹೊಸಮಣ್ಣು ಹಾಕಿ ಮುಚ್ಚುತ್ತಾರೆ. ಹೂತ ಬಳ್ಳಿ ಹೊಸ ಬೇರು ಬಿಟ್ಟು ಮತ್ತೆ ಮೇಲೇಳುತ್ತದೆ. ಹೂಳುವುದೇ ಅದಕ್ಕೆ ಉಪಚಾರ. ನಾನು ನನ್ನೂರು ಹಂಸಭಾವಿಯ ಎರೆಹೊಲದ ಜೋಳ, ಹತ್ತಿ ಮಾತ್ರ ಕಂಡವನು, ಆ ಕೆಲಸ ನೋಡಿ ಬೆರಗಾಗಿ ನಿಂತೆ. ಬುಟ್ಟಿ ಬುಟ್ಟಿ ಕಪ್ಪು ಮಣ್ಣು, ತಣ್ಣಗೆ, ಬೆಣ್ಣೆಯಂತೆ.

ಯಜಮಾನರು ಬುಟ್ಟಿ ಹೊತ್ತು ಬಡಗಣ ಮೂಲೆಗೆ ಬಂದು ದಿಬ್ಬದ ಎದುರು ತಡೆದು ನಿಂತರು. ಅಪರೂಪಕ್ಕೆ ನನ್ನನ್ನು ಕೇಳಿದರು. "ಇದಕ್ಕೂ ಒಂದು ಬುಟ್ಟಿ ಕೊಡೂಣೇನ್ರಿ? ಎಲ್ಲಾವಕ್ಕೂ ಕೊಟ್ಟು ಇದನ್ನೊಂದ ಬಿಟ್ರ ಹೆಂಗೋ ಅನಸ್ತೈತಿ."

ಕಲಬತ್ತದವ್ವ ಹೋಗುವಾಗ ಹೇಳಿದ ಮಾತು ನೆನಪಿರಲಿಲ್ಲವೇ? ಇತ್ತು. ಕೊರಳಿಗೆ ನೀರು ಬ್ಯಾಡ ಎಂದದ್ದೂ ನೆನಪಿತ್ತು. ಆದರೆ ಮಣ್ಣು ನೀರಲ್ಲವಲ್ಲ ಎಂದು ನನ್ನ ಬುದ್ಧಿ ಹೇಳಿತು. ಅವರು ತಿರುಗಿ ಬಂದಾಗ ಎಲೆ ಮೊರದಷ್ಟಲ್ಲ, ಚಾಪೆಯಷ್ಟಾಗಲಿ ಎಂದು ಆಸೆಯಾಯಿತು. "ಒಂದ್ಯಾಕ್ರಿ, ಎರಡು ಕೊಡ್ರಿ" ಎಂದೆ. ನನ್ನ ಕೈಯಿಂದಲೇ ಮಣ್ಣು ತಟ್ಟಿ ನುಣ್ಣಗೆ ಮಾಡಿದೆ. ಮಳೆ ಹಿಡಿದಾಗ ಮಾತಿಗೆ ತಪ್ಪದೆ ಗಡಿಗೆಯನ್ನೂ ಕವುಚಿದೆ.

ಅವರು ಬಂದದ್ದು ಮಳೆ ಹತ್ತಿ ಹದಿನೈದು ದಿನಕ್ಕೆ. ಬೇಲಿಯ ಹತ್ತಿರ ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುವುದರೊಳಗೆ ನಿಂತುಬಿಟ್ಟರು. ನಮಗೆ ಯಾರಿಗೂ ಬಾರದ ವಾಸನೆ ಅವರಿಗೆ ಅಲ್ಲಿಗೇ ಬಂದಿತ್ತು. ಒಂದು ಕಾಲಲ್ಲಿ ಚಪ್ಪಲಿ ಇದ್ದಂತೆಯೇ ಒಳಗೆ ನಡೆದರು. ಆ ತೋಟದಲ್ಲಿ ಅಂಥದ್ದು ಎಂದೂ ಆಗಿರಲಿಲ್ಲ. ಗಡಿಗೆ ಎತ್ತಿ, ಮಣ್ಣು ಸರಿಸಿ, ಬೆರಳು ಒಳಗೆ ಹಾಕಿದರು. ಮೇಲೆ ಬಂದ ಬೆರಳಿಗೆ ಕಂದು ಲೋಳೆ.

"ಯಾರು ಹಾಕಿದ್ರಿ ಮಣ್ಣು?"

ಯಜಮಾನರು ನನ್ನ ಕಡೆ ನೋಡಲೂ ಇಲ್ಲ. "ನಾನ ಹಾಕಿದೆ" ಎಂದರು. "ಎಲ್ಲಾವಕ್ಕೂ ಹಾಕಿದ್ದೆ, ಇದಕ್ಕೂ ಹಾಕಿದೆ."

ಅವರು ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಆವತ್ತು ಬಾಯಿ ಬಿಡಲಿಲ್ಲ. ಬೇರೆಯವರ ತಪ್ಪಿನ ನೆರಳಲ್ಲಿ ನಿಂತು ತಂಪು ತೆಗೆದುಕೊಂಡೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೂರು ದಿನ ಕಲಬತ್ತದ ಸದ್ದಿಲ್ಲ. ನಾನು ಬೆಳಗ್ಗೆ ಎಚ್ಚರವಾಗಿ ಹಾಸಿಗೆಯಲ್ಲೇ ಕಾಯುತ್ತಿದ್ದೆ. ಪಂಡಿತರು ಒಮ್ಮೆ ಹಿತ್ತಲಿಗೆ ಬಂದು, ಖಾಲಿ ಚಪ್ಪರ ನೋಡಿ, ಸುಮ್ಮನೆ ಒಳಗೆ ಹೋದರು. ನಾಲ್ಕನೆಯ ದಿನ ಅವರು ಬಂದರು. ಕುಟ್ಟಲು ಕೂರಲಿಲ್ಲ. ಬೇರನ್ನು ಅಗೆದು ತಂದಿದ್ದರು. ಮೇಲಿನರ್ಧ ಕೊಳೆತಿತ್ತು. ಅದನ್ನು ಕೊಯ್ದು ತೆಗೆದು, ಗಟ್ಟಿಯಿದ್ದ ಕೆಳಗಿನ ಭಾಗವನ್ನು ತೊಳೆದು ತುಂಡು ಮಾಡಿದ್ದರು. ಒಳಗೆ ಬಂಗಾರದ ಹಳದಿ, ನಡುವೆ ಕೆಂಪು ಗೆರೆ. ಮೊಗ್ಗಿಲ್ಲದ ಆ ತುಂಡುಗಳು ಇನ್ನು ಚಿಗುರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ.

ಮಳೆಗಾಲದಲ್ಲಿ ಒಣಗಿಸುವುದು ಹೇಗೆ? ಮೊರದಲ್ಲಿ ಹರವಿದರೆ ಕೆಳಮೈಗೆ ಬೂಷ್ಟು. ಚಾಪೆಯ ಮೇಲಿಟ್ಟರೂ ಅಷ್ಟೇ. ನಾನು ಗೋಡೆಯ ಈಚೆಯಿಂದ ನೋಡುತ್ತಿದ್ದೆ. ಅವರು ಒಂದು ತುಂಡು ಕೈಯಲ್ಲಿ ತಿರುಗಿಸುತ್ತ ಕೂತರು. ಆಮೇಲೆ ದಬ್ಬಣ ತಂದು ತುಂಡಿನ ನಟ್ಟನಡುವೆ ಚುಚ್ಚಿದರು. ಒಂದಕ್ಕೆ, ಎರಡಕ್ಕೆ, ಎಲ್ಲಕ್ಕೂ. ದಾರದಲ್ಲಿ ಪೋಣಿಸಿ, ಒಂದಕ್ಕೊಂದು ತಾಗದಂತೆ ನಡುವೆ ಗಂಟು ಹಾಕಿ, ಚಪ್ಪರದ ಒಲೆಯ ಮೇಲಿನ ಬಿದಿರ ಗಳಕ್ಕೆ ಕಟ್ಟಲು ಎದ್ದರು. ಎದ್ದವರು ಹಾಗೇ ನಿಂತರು. ಕೈಯಲ್ಲಿ ಸರ. ಅವರ ಮುಖದ ಮೇಲೆ ಆ ಹೊತ್ತು ಬಂದದ್ದನ್ನು ನಾನು ಇನ್ನೊಬ್ಬರ ಮುಖದ ಮೇಲೆ ಕಂಡಿಲ್ಲ.

"ಕಂಪೌಂಡರ್ರ! ಬರ್ರಿ ಇಲ್ಲಿ, ಲಗೂನ ಬರ್ರಿ!"

ಓಡಿದೆ.

"ಹುಳಾ ಅಲ್ರಿ" ಎಂದರು. ಸರವನ್ನು ನನ್ನ ಕಣ್ಣಮುಂದೆ ಎತ್ತಿ ಹಿಡಿದರು. "ತೂತು ಹುಳದ್ದಲ್ಲ. ಪೋಣಸಾಕ ಮಾಡಿದ್ದು. ಅಲ್ಲಿ ಒಬ್ಬಾಕಿ ಅದಾಳ್ರಿ. ಮೂವತ್ತು ವರ್ಷದಿಂದ ಅದಾಳ. ಅಕೀ ಚುಚ್ಚಿ, ಪೋಣಿಸಿ, ಒಣಗಿಸಿ ಕಳಸ್ತಾಳ, ನಾ ಇಲ್ಲಿ ಕುಟ್ಟತೇನಿ. ನಾ ಗಿಡಾ ಒಂದ ನೋಡಬೇಕಂದಿದ್ದೆ. ಅಕೀ ಕೈ ತೋರಿಸ್ತು ನೋಡ್ರಿ ಇದು."

ನಾನು "ಅವ್ವಾರ, ಮಣ್ಣು ಹಾಕಿಸಿದಾವ ನಾನು. ಅವರದ್ದು ತಪ್ಪಿಲ್ಲ" ಎಂದುಬಿಟ್ಟೆ.

"ಗೊತ್ತೈತಿ."

"ಅವ್ರು ಹೇಳಿದ್ರೇನು?"

"ಅವ್ರು ಹೇಳೂ ಪೈಕಿ ಅಲ್ಲ. ನಮ್ಮನಿಯಾವ್ರು ಯಾವುದಕ್ಕರ ಒಂದು ಬುಟ್ಟಿಗಿಂತ ಹೆಚ್ಚ ಹಾಕಿದ್ದು ನೋಡೇನೇನು ನಾ? ಅಲ್ಲಿ ಎರಡು ಬುಟ್ಟಿ ಇತ್ತು." ಸರವನ್ನು ಗಳಕ್ಕೆ ಕಟ್ಟುತ್ತ, ನನ್ನ ಕಡೆ ನೋಡದೆ ಹೇಳಿದರು, "ಸಿಟ್ಟು ಬಂದಿತ್ರಿ. ಮೂರು ದಿನ ನಿಮ್ಮ ಮಾರಿ ನೋಡಬಾರದು ಅನಿಸಿತ್ತು. ಏನೂ ಮಾಡಬ್ಯಾಡ್ರಿ ಅಂದಿದ್ದೆ. ಏನೂ ಮಾಡದ ಇರೂದು ಓದಿದಾವ್ರಿಗೆ ಭಾಳ ತ್ರಾಸ ನೋಡ್ರಿ." ಆಮೇಲೆ ನಕ್ಕರು. ನನಗೆ ಸಿಕ್ಕ ಕ್ಷಮೆಗಳಲ್ಲಿ ಅದರಷ್ಟು ದೊಡ್ಡದು ಇನ್ನೊಂದಿಲ್ಲ.

ಮರುವರ್ಷ ಅಯ್ಯನವರು ಮತ್ತೆ ಕೇದಾರಕ್ಕೆ ಹೊರಟರೆಂದು ಸುದ್ದಿ ಬಂತು. ಇವರು ಮತ್ತೆ ಬೀಜ ಕೇಳುತ್ತಾರೆ ಎಂದುಕೊಂಡೆ. ಇವರು ಹಾನಗಲ್ಲಿಗೆ ಹೋಗಿ ಒಂದು ಗಂಟು ಕೊಟ್ಟು ಬಂದರು. ಅದರಲ್ಲಿ ಕುಪ್ಪಸಕ್ಕೆ ಒಂದು ಹಸಿರು ಖಣ, ಒಣ ಕೊಬ್ಬರಿಯ ಬಟ್ಟಲು, ಅಡಿಕೆ, ಅರಿಸಿನದ ಕೊಂಬು, ಒಂದು ಹಿಡಿ ಅಕ್ಕಿ. ಮನೆಗೆ ಬಂದ ಹೆಣ್ಣುಮಗಳ ಉಡಿ ತುಂಬುವ ಸಾಮಾನು. "ಬೇರು ಪೋಣಸಾಕಿ ಯಾರರ ಸಿಕ್ರ ಅವರ ಉಡ್ಯಾಗ ಹಾಕ್ರಿ. ಸವಣೂರಿನ ಅಕ್ಕ ಕೊಟ್ಟಾಳಂತ ಹೇಳ್ರಿ" ಎಂದು ಹೇಳಿ ಬಂದಿದ್ದರು.

"ಬೀಜ ಕೇಳಲಿಲ್ಲೇನ್ರಿ?"

"ನೋಡೇನಲ್ರಿ. ಎಷ್ಟ ಸಲ ನೋಡೂದು? ಮುಂದಿಂದು ಮಾಡಬೇಕಲ್ಲ."

ಅಯ್ಯನವರಿಗೆ ಈ ಸಲ ಗುಡ್ಡ ಹತ್ತಲಾಗಲಿಲ್ಲ. ಕೆಳಗಿನ ಊರಿನಲ್ಲಿ ಜ್ವರ ಹಿಡಿದು ಮಲಗಿದರು. ಗಂಟನ್ನು ಮೇಲೆ ಹೋಗುತ್ತಿದ್ದ ಯಾರೋ ಯಾತ್ರಿಕರ ಕೈಗೆ ಕೊಟ್ಟೆ, ಅವರು ಏನು ಮಾಡಿದರೋ ಗೊತ್ತಿಲ್ಲ ಎಂದು ತಿರುಗಿ ಬಂದ ಮೇಲೆ ಹೇಳಿಕಳಿಸಿದರು. ನನಗೆ ಬಹಳ ಕೆಡುಕೆನಿಸಿತು. ಅದೇ ತಿಂಗಳು ನನಗೆ ಹಿರೇಕೆರೂರಿಗೆ ವರ್ಗವಾಯಿತು. ಹೇಳಿ ಹೋ‍ಗಲು ಚಪ್ಪರಕ್ಕೆ ಹೋದಾಗ ಅವರು ಹುಬ್ಬಳ್ಳಿಯಿಂದ ಬಂದ ಹೊಸ ಚೀಲದ ಬಾಯಿ ಬಿಚ್ಚುತ್ತಿದ್ದರು. ಒಲೆಯ ಮೇಲಿನ ಗಳದಲ್ಲಿ ಅವರದೇ ಗಿಡದ ಬೇರಿನ ಸರ ಹಾಗೇ ತೂಗುತ್ತಿತ್ತು. ಅದನ್ನು ಅವರು ಕುಟ್ಟಿರಲಿಲ್ಲ. ಅದರಿಂದ ಒಂದು ತುಂಡು ಬಿಚ್ಚಿ ನನ್ನ ಕೈಗಿಟ್ಟರು. ಆ ತುಂಡು ಈಗ ಈ ಕಾಗದದ ಪಕ್ಕದಲ್ಲೇ ಇದೆ, ಒಮ್ಮೊಮ್ಮೆ ಅದರ ತೂತನ್ನು ಕಿರುಬೆರಳಿನಿಂದ ಸವರುತ್ತ ಕೂರುತ್ತೇನೆ.

ಹೊರಡುವಾಗ ತಡೆಯಲಾರದೆ ಕೇಳಿದೆ. "ಅವ್ವಾರ, ಆ ಖಣ ಅಕೀಗೆ ಮುಟ್ಟಿತೋ ಇಲ್ಲೋ, ಒಂದು ಉತ್ತರಾನೂ ಬರ್ಲಿಲ್ಲಲ್ಲ?"

ಅವರು ಚೀಲದೊಳಗೆ ಕೈ ಹಾಕಿ ಒಂದು ತುಂಡು ತೆಗೆದರು. ನಡುವಿನ ತೂತನ್ನು ಹಳದಿ ಹೆಬ್ಬೆರಳಿನಿಂದ ಒಮ್ಮೆ ಸವರಿ, ಕಣ್ಣಿಗೆ ಒತ್ತಿಕೊಂಡು, ಕಲಬತ್ತಕ್ಕೆ ಹಾಕಿದರು.

"ಚೀಲ ಬಂತಲ್ರಿ" ಎಂದರು. ಆಮೇಲೆ ಎಡಗೈ ಎತ್ತಿ ನನ್ನನ್ನು ಸುಮ್ಮನಿರಿಸಿ, ಕುಟ್ಟತೊಡಗಿದರು.